ಅಕ್ಕನ ತಲೆಯೊಳಗಿನ ಕೀವು ಕಂಡವರು

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿದ್ದ ಆ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, "ತಡೀರಿ, ಸರಿಯಾಗಿ ನೋಡಾಣ" ಅನ್ನುತ್ತಿದ್ದರು.

ತಲೆನೋವು, ವಾಂತಿಯಿಂದ ನರಳುತ್ತಿದ್ದ ನನ್ನ ಅಕ್ಕನ ಮಾತು ತಡವರಿಸತೊಡಗಿದಾಗ ಐಮಂಗಲದಿಂದ ಅವರಲ್ಲಿಗೆ ಕರೆತಂದೆವು.

"ಇವಳ ಕಿವಿ ಸೋರ್ತಿತ್ತೇನ್ರಿ?"

"ಸಣ್ಣೋಳಿದ್ದಾಗಿಂದ್ಲೂ ಐತೆ" ಅಂದಳು ಅವ್ವ.

ಎಕ್ಸ್‌ರೇಯಲ್ಲಿ ಕಿವಿಯ ಹಿಂದಿನ ಮೂಳೆ ಸವೆದದ್ದು ಕಂಡಿತು. "ಕೀವು ಮೆದುಳಿಗೆ ಹೋಗಿರ್ಬೇಕು. ಈಗ್ಲೇ ಬೆಂಗಳೂರಿಗೆ ಹೋಗಾಣ" ಎಂದು ಅವರೇ ನಮ್ಮೊಂದಿಗೆ ವ್ಯಾನು ಹತ್ತಿದರು.

ಅಲ್ಲಿನ ಆಸ್ಪತ್ರೆಯಲ್ಲಿ, ನಾಳಗಳು ಎದ್ದು ಕಾಣಲೆಂದು ಕತ್ತಿನ ರಕ್ತನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದಾಗ, ಅವರು ಹೇಳಿದಂತೆಯೇ ಆ ಕಿವಿಯ ಕಡೆ ಮೆದುಳಿನ ನಾಳಗಳು ಕೀವಿನ ಒತ್ತಡಕ್ಕೆ ಪಕ್ಕಕ್ಕೆ ಸರಿದಿದ್ದವು. ಆಪರೇಷನ್ ಮಾಡಿ ಕೀವು ತೆಗೆದರು.

ಕೆಲವು ದಿನಗಳ ಮೇಲೆ ಅವರು ನೋಡಲು ಬಂದಾಗ, ಅಂದು ಮಂಪರಿನಲ್ಲಿದ್ದ ಅಕ್ಕ, "ಇವ್ರು ಯಾರವ್ವ?" ಎಂದು ತಡವರಿಸದೆ ಸ್ಪಷ್ಟವಾಗಿ ಕೇಳಿದಳು. ಅವ್ವ ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು: "ನಮ್ ದುರ್ಗದ ಡಾಕ್ಟರಮ್ಮ ಕಣೇ!"