ಅಂಗೈ ಬಡಿದರೆ ಹೊರಡುವ ಬಸ್ಸು

ಅವರ ಎಡಗೈ ಎಲ್ಲರ ಕೈಯ ಹಾಗೆ ಮೆತ್ತಗಿತ್ತು. ಬಲಗೈಯ ಅಂಗೈ ಮಾತ್ರ ಹಳೆಯ ಚಪ್ಪಲಿಯ ಅಟ್ಟೆಯಂತೆ ದಪ್ಪಗಾಗಿ, ಬೆರಳುಗಳ ಬುಡದಲ್ಲಿ ಹಳದಿಗೆ ತಿರುಗಿತ್ತು. ವರ್ಷಗಟ್ಟಲೆ ಬಸ್ಸುಗಳ ಬೆನ್ನಿಗೆ ಬಡಿದ ಕೈ ಅದು. ಸೀಟು ತುಂಬಿತು, ಟಾಪಿನ ಮೇಲೆ ಮೂಟೆ ಕಟ್ಟಿ ಆಯಿತು, ಮಕ್ಕಳು ಮರಿ ಒಳಗೆ ಬಂದವು ಎಂದು ಖಾತ್ರಿಯಾದ ಮೇಲೆ ಅವರು ಹಿಂದಿನ ತಗಡಿಗೆ ಎರಡು ಸಲ ಬಡಿಯುತ್ತಿದ್ದರು. ಆ ಸದ್ದು ಕೇಳದೆ ಹುಣಸೂರಿನ ಸ್ಟ್ಯಾಂಡಿನಿಂದ ಯಾವ ಪ್ರೈವೇಟ್ ಬಸ್ಸೂ ಅಲುಗುತ್ತಿರಲಿಲ್ಲ. ಡ್ರೈವರುಗಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದರು.

ಊರೆಲ್ಲ ಅವರನ್ನು ಏಜೆಂಟ್ ಸಾಬರು ಎನ್ನುತ್ತಿತ್ತು. ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಮೈಸೂರು, ಹೀಗೆ ಯಾವ ದಿಕ್ಕಿನ ಬಸ್ಸಾದರೂ ಜನರನ್ನು ಕೂಗಿ ಕರೆದು ಹತ್ತಿಸುವುದು ಅವರ ಕೆಲಸ. ಸಂಬಳವಿಲ್ಲ, ಬಸ್ಸಿನ ಮಾಲೀಕರು ಕೊಟ್ಟ ಕಮಿಷನ್ನೇ ಜೀವನ. ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ಇತ್ತು. ಬಿಳಿ ಟೋಪಿ, ಕೊರಳಿಗೊಂದು ಚೌಕದ ಟವೆಲು, ಕಾಲಿಗೆ ಟೈರಿನ ಚಪ್ಪಲಿ. ಮೈಸೂರು ಬಸ್ಸಿಗೆ ಅವರು 'ಬಿಳಿಕೆರೆ ಇಲವಾಲ ಮೈಸೂರ್ ಮೈಸೂರ್ ಮೈಸೂರ್' ಎಂದು ಒಂದೇ ಉಸಿರಿಗೆ ಕೂಗಿದರೆ, ಹೋಟೆಲಿನಲ್ಲಿ ಅರ್ಧ ಕಾಫಿ ಕುಡಿದವರು ಉಳಿದರ್ಧ ಬಿಟ್ಟು ಏಳುತ್ತಿದ್ದರು.

ನಾನು ಆಗ ತಾನೇ ಬಿ.ಎ. ಮುಗಿಸಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದರು. ನಮ್ಮ ಬೀದಿಗೆ ನಾನೇ ಮೊದಲ ಬಿ.ಎ. ಆದ್ದರಿಂದ ಪಾಸಾದ ದಿನ ಅಪ್ಪ ಮನೆಮನೆಗೂ ಬೆಲ್ಲ ಹಂಚಿದರು. ಆ ಬೆಲ್ಲ ತಿಂದವರಿಗೆಲ್ಲ ಒಂದು ಹಕ್ಕು ಬಂದುಬಿಟ್ಟಿತು. ನೀರು ಸೇದುವವರು, ಎಮ್ಮೆ ಹೊಡೆಯುವವರು, ಎದುರು ಮನೆಯ ಹಲ್ಲಿಲ್ಲದ ಅಜ್ಜಿ, ಎಲ್ಲರದೂ ಒಂದೇ ಪ್ರಶ್ನೆ: "ಏನಪ್ಪಾ, ಕೆಲ್ಸ ಆಯ್ತಾ?"

ಆಗಿರಲಿಲ್ಲ. ಕೆ.ಆರ್. ನಗರದಲ್ಲೊಬ್ಬ ಗಿರಣಿ ಸಾಹುಕಾರರು, "ಬಿಎ ಓದಿರೋನು ನನ್ ಹತ್ರ ಎಷ್ಟ್ ದಿನ ನಿಂತೀಯ, ಬುಡು" ಎಂದರು. ಚುಂಚನಕಟ್ಟೆ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರ ಕೆಲಸ ಖಾಲಿ ಇದೆಯೆಂದು ಓಡಿದರೆ, ಅದು ಆಡಳಿತದವರ ಅಳಿಯನಿಗೆ ಆಗಲೇ ನಿಗದಿಯಾಗಿತ್ತು. ಹೊಗೆಸೊಪ್ಪಿನ ಕೊಟ್ಟಿಗೆಯವರು ಮುಂದಿನ ಸೀಸನ್ನಿಗೆ ಬಾ ಎಂದರು, ಮುಂದಿನ ಸೀಸನ್ನಿನಲ್ಲಿ ಅದರ ಮುಂದಿನದಕ್ಕೆ ಎಂದರು. ಮೈಸೂರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ನನ್ನ ಹೆಸರು ಇತ್ತು, ಇದ್ದೇ ಇತ್ತು. ಅಮ್ಮ ನನ್ನ ಒಂದೇ ಬಿಳಿ ಶರ್ಟನ್ನು ಗಂಜಿಯಲ್ಲಿ ಅದ್ದಿ, ಒಣಗಿಸಿ, ಚೊಂಬಿಗೆ ಕೆಂಡ ಹಾಕಿ ಉಜ್ಜಿ ಕೊಡುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ಗೊಣಗಿದರೂ ಆ ಶರ್ಟಿಗೆ ಕೊಳೆಯಾಗದಂತೆ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವರು ಅವರೇ.

ಮನೆಯಲ್ಲಿ ಕೂತರೆ ಕೇಳುವವರ ಕಾಟ. ಅದಕ್ಕೇ ಕೆಲಸವಿರಲಿ ಇಲ್ಲದಿರಲಿ, ಸರ್ಟಿಫಿಕೇಟಿನ ಫೈಲು ಹಿಡಿದು ಬೆಳಗಿನ ಬಸ್ಸಿಗೆ ಹುಣಸೂರಿಗೆ ಬಂದುಬಿಡುತ್ತಿದ್ದೆ. ಸ್ಟ್ಯಾಂಡಿನ ಆಚೆ ಒಂದು ಅರಳಿಮರ, ಅದರ ಕೆಳಗೊಂದು ಕಲ್ಲುಬೆಂಚು. ಅಲ್ಲಿ ಕೂತು ಬರುವ ಹೋಗುವ ಬಸ್ಸುಗಳನ್ನು ನೋಡುತ್ತಿದ್ದೆ. ಎಲ್ಲರಿಗೂ ಹೋಗಲು ಒಂದು ಊರಿತ್ತು, ಮಾಡಲು ಏನೋ ಇತ್ತು. ದುಡಿದವರಿಗೆ ಬರುವ ಸುಸ್ತು ಮಲಗಿದರೆ ಹೋಗುತ್ತದೆ. ಸುಮ್ಮನೆ ಕೂತವನ ಸುಸ್ತು ಮಲಗಿದರೂ ಹೋಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಬೆಂಚಿನ ಮೇಲೆ.

ಒಂದು ಮಧ್ಯಾಹ್ನ ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಸಾಬರು ಬಂದು ಪಕ್ಕದಲ್ಲಿ ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು. ಇನ್ನೇನು ಆ ಪ್ರಶ್ನೆ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ.

"ಯಾವ್ ಬಸ್ಸಿಗೆ ಬಂದೆ?" ಎಂದರು.

ಹೇಳಿದೆ. "ಸೀಟ್ ಸಿಕ್ತಾ?" ಎಂದರು. ಸಿಕ್ಕಿತು ಎಂದೆ. "ಅಂಗಾದ್ರೆ ಸರಿ" ಎಂದು ಎದ್ದು ಹೋದರು. ಅಷ್ಟೇ. ಮರುದಿನವೂ ಅದೇ ಪ್ರಶ್ನೆ, ಅದರ ಮರುದಿನವೂ ಅದೇ. ಕೆಲಸದ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ. ನನ್ನ ಕೈಯ ಫೈಲು ಅವರ ಕಣ್ಣಿಗೆ ಬಿದ್ದಿಲ್ಲವೇನೋ ಎಂದುಕೊಂಡಿದ್ದೆ. ಸ್ಟ್ಯಾಂಡಿನಲ್ಲಿ ಒಂದು ಕೋಳಿ ಕಳೆದರೂ ಗೊತ್ತಾಗುತ್ತಿದ್ದ ಮನುಷ್ಯನಿಗೆ ಅದೊಂದು ಕಾಣಲಿಲ್ಲವೆಂದು ನಂಬಿದ್ದು ನನ್ನ ದಡ್ಡತನ.

ಹೆಗ್ಗಡದೇವನಕೋಟೆಯ ಬಸ್ಸು, ನಮ್ಮ ಬಾಯಲ್ಲಿ ಕೋಟೆ ಬಸ್ಸು, ಹೊರಡುವ ಹೊತ್ತಿಗೆ ಅವರು ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಬೆಂಚಿನಿಂದಲೇ ನೋಡಿದ್ದೆ. ಕೋಟೆಯ ಆಚೆ ಕಾಡಂಚಿನ ಹಾಡಿಗಳಲ್ಲಿರುವ ಗಿರಿಜನರು ಜೇನು ಮಾರಲೋ ಆಸ್ಪತ್ರೆಗೋ ಹುಣಸೂರಿಗೆ ಬಂದರೆ, ವಾಪಸು ಹೋಗುವಾಗ ಬಸ್ಸಿನ ಹತ್ತಿರ ಬರುತ್ತಿರಲಿಲ್ಲ. ಗೋಡೆಯ ನೆರಳಿನಲ್ಲಿ ಗುಂಪಾಗಿ ನಿಂತಿರುತ್ತಿದ್ದರು. ಉಳಿದವರು ನುಗ್ಗಿ ಸೀಟು ಹಿಡಿದು ಬಸ್ಸು ಹೊರಟುಹೋದರೂ ಇವರು ಏನೂ ಕೇಳುತ್ತಿರಲಿಲ್ಲ. ಸಾಬರು ಬಾಗಿಲಿಗೆ ತಮ್ಮ ಕೈ ಅಡ್ಡ ಇಟ್ಟು ಮೊದಲು ಅವರನ್ನು ಕರೆದು ಕೂರಿಸುತ್ತಿದ್ದರು. ಯಾರಾದರೂ ಗೊಣಗಿದರೆ, "ನಿಮ್ಗೆ ನುಗ್ಗೋಕ್ ಬತ್ತದೆ ಕಣ್ರೀ, ಅವ್ರಿಗ್ ಬರಾಕಿಲ್ಲ" ಎನ್ನುತ್ತಿದ್ದರು. ನನಗೊಮ್ಮೆ ಹೇಳಿದರು: "ಓಡ್ಕೊಂಡ್ ಬರೋರ್ನ ಕೂಗೋದೇ ಬೇಡ. ದೂರ ನಿಂತವ್ರೆ ನೋಡು, ಅವ್ರನ್ನ ಕರೀಬೇಕು."

ಒಂದು ಶುಕ್ರವಾರ ನನ್ನ ಬಳಿ ಬಂದು, "ನಮಾಜಿಗ್ ಹೋಗ್ಬೇಕು ಕಣಪ್ಪ. ಶುಕ್ರವಾರ ನನ್ ಬದ್ಲು ಕೂಗೋ ಕ್ಲೀನರ್ ಇವತ್ತು ಬಂದಿಲ್ಲ. ವಸಿ ಕೋಟೆ ಬಸ್ಸು ಕೂಗ್ತೀಯಾ?" ಎಂದರು. ನಾನು ಎದ್ದು ನಿಂತೆ. ಬಾಯಿ ತೆರೆದರೆ ದನಿಯೇ ಬರಲಿಲ್ಲ. ಇಂಟರ್ವ್ಯೂಗಳಲ್ಲೂ ನನಗೆ ಹೀಗೇ ಆಗುತ್ತಿತ್ತು. 'ಸ್ವಲ್ಪ ಜೋರಾಗಿ ಹೇಳಿ' ಎಂದು ಅವರೆನ್ನುವುದು, ನಾನು ಇನ್ನಷ್ಟು ಮೆತ್ತಗಾಗುವುದು. ಕೊನೆಗೆ ಕಣ್ಣು ಮುಚ್ಚಿ "ಕೋಟೆ!" ಎಂದೆ. ಮಲಗಿದ್ದ ನಾಯಿಯೊಂದು ತಲೆಯೆತ್ತಿ ನೋಡಿತು. ಇನ್ನೊಮ್ಮೆ ಕೂಗಿದೆ. ಗೋಡೆಯ ನೆರಳಿನಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ಅವರತ್ತ ಕೈಬೀಸಿ, "ಬನ್ನಿ, ಕೋಟೆ, ಬನ್ನಿ" ಎಂದೆ. ಒಬ್ಬೊಬ್ಬರಾಗಿ ಬಂದು ಹತ್ತಿದರು. ನನ್ನ ಮಾತಿಗೆ ಜನ ಎದ್ದು ಬಂದದ್ದು ಅದೇ ಮೊದಲು. ಖುಷಿಯಾಯಿತು, ಸುಳ್ಳೇಕೆ.

ಆ ಖುಷಿ ನಿಲ್ಲಲಿಲ್ಲ. ಬಸ್ಸಿನ ಕಿಟಕಿಯಿಂದ ನಮ್ಮ ಬೀದಿಯವರೊಬ್ಬರು ತಲೆ ಹೊರಹಾಕಿ, "ಅಲ್ಲಾ ಕಣೋ, ನಿಮ್ಮಪ್ಪ ಬೆಲ್ಲ ಹಂಚಿದ್ದು ಇದುಕ್ಕಾ? ಬಿಎ ಮಾಡಿ ಬಸ್ ಕೂಗ್ತಿದ್ದೀಯ?" ಎಂದರು. ಸುತ್ತಲಿದ್ದವರು ನಕ್ಕರು. ನಮಾಜು ಮುಗಿಸಿ ಬರುತ್ತಿದ್ದ ಸಾಬರ ಕಿವಿಗೆ ಅದು ಬಿತ್ತು.

"ಕೂಗೋದು ನನ್ ಕೆಲ್ಸ ಕಣ್ರೀ," ಎಂದರು ನಿಧಾನವಾಗಿ. "ಅವ್ರು ನನಗ್ ಉಪ್ಕಾರ ಮಾಡ್ತಾವ್ರೆ. ಅದಿರ್ಲಿ, ನೀವ್ ಟಿಕೀಟ್ ತಗಂಡ್ರಾ?"

ತೆಗೆದುಕೊಂಡಿರಲಿಲ್ಲ. ಈಗ ನಗು ಅತ್ತ ತಿರುಗಿತು. ಸಾಬರು ಹಿಂದೆ ಹೋಗಿ ಎರಡು ಸಲ ಬಡಿದರು, ಬಸ್ಸು ನಗುವನ್ನೂ ಹೊತ್ತುಕೊಂಡು ಹೊರಟಿತು. ಆಮೇಲೆ ಪ್ರತಿ ಶುಕ್ರವಾರ ನಾನೇ ಕೂಗಿದೆ. ಬರಬರುತ್ತಾ ನಾಚಿಕೆ ಎಂಬುದು ಸವೆದುಹೋಯಿತು.

ಮರುವರ್ಷ ಸುದ್ದಿ ಬಂತು: ಈ ದಾರಿಗಳಲ್ಲೆಲ್ಲ ಇನ್ನು ಪ್ರೈವೇಟ್ ಬಸ್ಸು ಇಲ್ಲ, ಸರ್ಕಾರಿ ಬಸ್ಸೇ ಓಡುತ್ತದೆ. ಡ್ರೈವರುಗಳಲ್ಲಿ ಕೆಲವರನ್ನು ತೆಗೆದುಕೊಳ್ಳುತ್ತಾರೆ. ಏಜೆಂಟರ ಮಾತನ್ನು ಯಾರೂ ಆಡಲಿಲ್ಲ. ಸರ್ಕಾರದ ಬಸ್ಸಿಗೆ ಕೂಗುವವರು ಯಾಕೆ? ಸೀಟು ತುಂಬಲಿ ಬಿಡಲಿ, ಹೊತ್ತಿಗೆ ಹೊರಡುತ್ತದೆ. ಆ ವಾರವೇ ಸಾಬರು ಮೈಸೂರಿನಿಂದ ಬಂದ ಕಂಡಕ್ಟರನ ಕೈಯಿಂದ ಒಂದು ಪೇಪರು ಇಸಿದುಕೊಂಡು ನನ್ನ ಮುಂದೆ ಹಿಡಿದರು. ಬಸ್ ಸ್ಟ್ಯಾಂಡುಗಳಲ್ಲಿ ಕೂತು ಬಸ್ಸು ಬಂದ ಹೊತ್ತು, ಹೋದ ಹೊತ್ತು ನೋಡಿಕೊಳ್ಳಲು ಓದಿದವರು ಬೇಕಾಗಿದ್ದರು.

"ಅರ್ಜಿ ಹಾಕು," ಎಂದರು.

"ಸಾಬ್ರೇ, ಈ ಬಸ್ಸು ಬಂದ್ರೆ ನಿಮ್ಮ ಕೆಲಸ..." ಎಂದೆ.

"ಅದನ್ನ ಇಂಟ್ರೂನಾಗೆ ಕೇಳ್ತಾರೇನು?" ಎಂದರು. "ಕೇಳಾಕಿಲ್ಲ ತಾನೇ? ಅಂಗಾದ್ರೆ ನೀನೂ ಕೇಳ್ಬೇಡ. ಹಾಕು."

ಇಂಟರ್ವ್ಯೂನಲ್ಲಿ ಮೂವರು ಕೂತಿದ್ದರು. ಜೋರಾಗಿ ಹೇಳಿ ಎಂದು ಯಾರೂ ಹೇಳಬೇಕಾಗಲಿಲ್ಲ. ಒಬ್ಬರಂತೂ ಸ್ವಲ್ಪ ಮೆತ್ತಗೆ ಹೇಳಿ ಎಂದರು. ಕೆಲಸ ಸಿಕ್ಕಿತು. ಮೊದಲು ಪಿರಿಯಾಪಟ್ಟಣದಲ್ಲಿ ಕೂರಿಸಿದರು, ಕೆಲವು ತಿಂಗಳ ಮೇಲೆ ಹುಣಸೂರಿಗೇ ಹಾಕಿದರು. ಹೊತ್ತಾದಾಗ ಊದಿ ಬಸ್ಸು ಬಿಡಲು ಒಂದು ಸೀಟಿಯನ್ನೂ ಕೊಟ್ಟರು. ಅಪ್ಪ ಮತ್ತೆ ಬೆಲ್ಲ ತಂದರು. ಈ ಸಲ ನನ್ನ ಪಾಲಿನದನ್ನು ನಾನು ಅಮ್ಮನ ಕೈಗೇ ವಾಪಸು ಇಟ್ಟೆ.

ಹುಣಸೂರಿಗೆ ಬಂದ ದಿನ ಮೇಲಿನವರೊಬ್ಬರು, ಹಳೆಯ ಏಜೆಂಟರು ಸ್ಟ್ಯಾಂಡಿನೊಳಗೆ ಸುಳಿದಾಡದಂತೆ ನೋಡಿಕೋ ಎಂದು ಹೇಳಿ ಹೋದರು. ಹೇಗೆ ಹೇಳಲಿ ಎಂದು ಯೋಚಿಸುತ್ತಾ ನನ್ನ ಕೋಣೆಯ ಕಿಟಕಿಯಿಂದ ನೋಡಿದೆ. ಸಾಬರು ಒಳಗೆ ಬಂದೇ ಇರಲಿಲ್ಲ. ಒಗೆದ ಶರ್ಟು ಹಾಕಿ, ಟವೆಲು ಮಡಿಸಿ ಹೆಗಲಿಗಿಟ್ಟು, ಆಚೆ ಅರಳಿಮರದ ಕೆಳಗೆ ನಿಂತಿದ್ದರು. ಹಾಡಿಯವರು ನಿಲ್ಲುತ್ತಿದ್ದ ಹಾಗೆ. ನಾನು ಆಡಬೇಕಾದ ಮಾತನ್ನು ನನ್ನ ಬಾಯಿಗೆ ಬರಲು ಬಿಡದೆ ನನ್ನನ್ನು ಉಳಿಸಿದ್ದರು. ನನಗೆ ಅಳು ಬಂತು. ಎದ್ದು ಹೊರಗೆ ಹೋದೆ. ಹತ್ತಿರ ನಿಂತು ಕೇಳಿದೆ:

"ಯಾವ್ ಬಸ್ಸಿಗೆ ಬಂದ್ರಿ, ಸಾಬ್ರೇ?"

ಅವರ ಮನೆಯಿದ್ದದ್ದು ಹಿಂದಿನ ಓಣಿಯಲ್ಲಿ. ಒಂದು ಗಳಿಗೆ ನನ್ನ ಮುಖ ನೋಡಿ, ಕೆಮ್ಮು ಬರುವಷ್ಟು ನಕ್ಕರು. "ನಡ್ಕಂಡ್ ಬಂದೆ ಕಣಪ್ಪ. ಸೀಟ್ ಸಿಗ್ನಿಲ್ಲ," ಎಂದರು. ನಾವಿಬ್ಬರೂ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅವರು ಮರದ ಡಿಪೋದಲ್ಲಿ ಕೆಲಸ ಕೇಳಿದರು, ಅಲ್ಲಿಯವರು ವಯಸ್ಸಾಯಿತು ಎಂದರು. ಪಿರಿಯಾಪಟ್ಟಣದ ಆಚೆಯ ಕೊಪ್ಪದಲ್ಲಿ ನೆಂಟರ ಬಟ್ಟೆ ಅಂಗಡಿಯ ಮುಂದೆ ಗಿರಾಕಿ ಕರೆಯಲು ನಿಂತು ತಿಂಗಳಿಗೇ ವಾಪಸು ಬಂದರು. "ಬಟ್ಟೆ ಬೇಡ ಅನ್ನೋರ್ನ ಕರ್ದು ಎಳೀಬೇಕು ಕಣಪ್ಪ. ಬಸ್ಸಿಗಾದ್ರೆ ಹೋಗೋರ್ನೇ ಕರೀತಿದ್ದೆ," ಎಂದರು. ಈಗ ಊರೆಲ್ಲ ಅವರನ್ನು ಕೇಳುತ್ತಿತ್ತು: "ಏನ್ ಸಾಬ್ರೇ, ಈಗೇನ್ ಮಾಡ್ಕೊಂಡಿದ್ದೀರಿ?" ಆ ಪ್ರಶ್ನೆ ಬಿದ್ದಾಗ ಅವರ ಹೆಗಲು ಕುಸಿಯುವುದನ್ನು ನಾನು ಕಿಟಕಿಯ ಹಿಂದಿನಿಂದ ನೋಡುತ್ತಿದ್ದೆ. ನನ್ನ ಹೆಗಲೂ ಒಂದು ಕಾಲಕ್ಕೆ ಹಾಗೇ ಕುಸಿಯುತ್ತಿತ್ತು. ಆಗ ಬೆಂಚಿನ ಮೇಲೆ ಅವರಿದ್ದರು, ಈಗ ನಾನು ಕಿಟಕಿ ಬಿಟ್ಟು ಏಳುವಂತಿರಲಿಲ್ಲ. ಸಂಬಳ ಎಣಿಸುವ ದಿನ ಮಾತ್ರ ನಾನು ಅರಳಿಮರದ ಕಡೆ ನೋಡುತ್ತಿರಲಿಲ್ಲ.

ಮೂರ್ನಾಲ್ಕು ವರ್ಷಕ್ಕೆ ಎದೆಯ ಕಾಯಿಲೆ ಹತ್ತಿ ಮಲಗಿದರು. ಡ್ಯೂಟಿ ಮುಗಿಸಿ ಹೋಗಿ ಚಾಪೆಯ ಪಕ್ಕದಲ್ಲಿ ಕೂರುತ್ತಿದ್ದೆ. ಸ್ಟ್ಯಾಂಡಿನ ಸದ್ದೆಲ್ಲ ಆ ಮನೆಯೊಳಗೆ ಕೇಳುತ್ತಿತ್ತು. ಒಂದು ಸಂಜೆ ಬಹಳ ದಿನದಿಂದ ಒಳಗಿದ್ದ ಮಾತನ್ನು ಕೇಳಿಬಿಟ್ಟೆ. "ಆ ಪೇಪರು ನೀವ್ಯಾಕೆ ತಂದುಕೊಟ್ರಿ? ನನ್ನ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ವಾ?"

ಉಸಿರು ಎಳೆದುಕೊಳ್ಳಲು ಅವರಿಗೆ ಹೊತ್ತು ಬೇಕಿತ್ತು.

"ನಾನು ಬಸ್ ತುಂಬ್ಸೋನು," ಎಂದರು. "ಹೊಂಟಿರೋ ಬಸ್ಸಿಗೆ ಅಡ್ಡ ನಿಂತ್ರೆ ನಿಲ್ತದಾ? ನನ್ ಜಾಗ ಎಂಗಿದ್ರೂ ಖಾಲಿ ಆಯ್ತಿತ್ತು. ಯಾರೋ ಬಂದು ಕೂರೋರು. ನೀನು ದೂರ ನಿಂತಿದ್ದೆ, ಕರ್ದು ಕೂರಿಸ್ದೆ." ಆಮೇಲೆ ಮಗ್ಗುಲು ಬದಲಿಸಿ, "ಸಿಟ್ಟು ಬತ್ತಿತ್ತು ಬುಡು. ನಿನ್ ಮೇಲಲ್ಲ, ಆ ಸೀಟಿ ಮೇಲೆ. ಏನ್ ಸೀಟಿ ಊದ್ತೀರೋ, ಕೋಳಿ ಮರಿ ಕೂಗ್ದಂಗೆ," ಎಂದರು.

ಅವರು ಹೋದದ್ದು ಒಂದು ಬೆಳಿಗ್ಗೆ. ಮಧ್ಯಾಹ್ನ ಜನ ಹೆಗಲ ಮೇಲೆ ಹೊತ್ತ ಜನಾಜಾ ಸ್ಟ್ಯಾಂಡಿನ ಮುಂದೆಯೇ ಹೋಯಿತು. ಆಗ ಕೋಟೆ ಬಸ್ಸು ಹೊರಡುವ ಹೊತ್ತು. ಡ್ರೈವರು ಮೊದಲು ಪ್ರೈವೇಟಿನಲ್ಲಿದ್ದು ಸಾಬರ ಕೈಸದ್ದಿಗೆ ಗಾಡಿ ಎತ್ತುತ್ತಿದ್ದವನು. ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಕೈಕಟ್ಟಿ ನಿಂತ. ಜನಾಜಾ ತಿರುವಿನಲ್ಲಿ ಮರೆಯಾದ ಮೇಲೆ ಹತ್ತಿ ಕೂತು ಇಂಜಿನ್ ಶುರು ಮಾಡಿದ. ಆದರೆ ಬಸ್ಸು ಕದಲಲಿಲ್ಲ. ನಾನು ಸೀಟಿ ಊದಬೇಕಿತ್ತು. ಅದನ್ನು ಬಾಯಿಗಿಟ್ಟೆ, ಊದಲು ಆಗಲಿಲ್ಲ.

ಗೋಡೆಯ ನೆರಳಿನಲ್ಲಿ ಹಾಡಿಯವರು ನಾಲ್ಕಾರು ಜನ ನಿಂತಿದ್ದರು. ಕರೆದೆ. ಬಂದು ಹತ್ತಿದರು. ಆಮೇಲೆ ಹಿಂದೆ ಹೋಗಿ, ಬಿಸಿಲಿಗೆ ಕಾದ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದೆ. ಬಸ್ಸು ಹೊರಟಿತು. ಜೊತೆಯವನಿಗೆ ಕಿಟಕಿ ಒಪ್ಪಿಸಿ ನಾನು ಜನಾಜಾದ ಹಿಂದೆ ನಡೆದೆ. ಅವರ ಗೋರಿಗೆ ಮೂರು ಹಿಡಿ ಮಣ್ಣು ಹಾಕುವಾಗಲೂ ನನ್ನ ಕೈ ಉರಿಯುತ್ತಲೇ ಇತ್ತು.