ಕೋಳಿ ನುಂಗಿದ ಗುಳಿಗೆ

ಮೊಟ್ಟೆ ಮುಟ್ಟದ ಮನೆತನ ನಮ್ಮದು. ಆದರೂ ಕೋಳಿ ಸಾಕಣೆಯಲ್ಲಿ ನನಗೆ ತಿಳಿಯದ್ದು ಕಡಿಮೆ. ಸಂಗೊಳ್ಳಿಯಲ್ಲಿ ನಮ್ಮ ಹಿತ್ತಲಿಗೂ ಖತಿಜಾಬಿಯ ಹಿತ್ತಲಿಗೂ ನಡುವೆ ಇರುವುದು ಎದೆಮಟ್ಟದ ಗೋಡೆ, ಅಷ್ಟೇ. ಅವಳ ಕೋಳಿಗಳು ಹಾರಿಬಂದು ನನ್ನ ಮೆಂತ್ಯದ ಮಡಿ ಕೆದರುತ್ತಿದ್ದವು, ಬಾತುಕೋಳಿಗಳು ನಸುಕಿನಲ್ಲೇ ಕೂಗಿ ನಿದ್ದೆ ಕೆಡಿಸುತ್ತಿದ್ದವು. ನಾನು ಬೈಯುತ್ತಿದ್ದೆ. ಅವಳು ನಗುತ್ತ ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗಿಡುತ್ತಿದ್ದಳು. ನಾನು ಮದುವೆಯಾಗಿ ಬಂದಾಗಿನಿಂದ ಹೀಗೆಯೇ ನಡೆದಿತ್ತು.

ಹೋದ ಬೇಸಿಗೆಯಲ್ಲಿ ಅವಳ ಕೋಳಿಗಳ ತತ್ತಿ ಮೆತ್ತಗಾದವು. ಕೆಲವಕ್ಕೆ ಚಿಪ್ಪೇ ಇಲ್ಲ, ಬರೀ ತೊಗಲು. ಕಾವಿಗಿಟ್ಟ ಬಾತಿನ ತತ್ತಿಗಳು ಕೋಳಿಯ ಹೊಟ್ಟೆಯಡಿಯಲ್ಲೇ ಒಡೆದು ನಾತ ಹೊಡೆದವು. ದನದ ಡಾಕ್ಟರು ಬಂದು ನೋಡಿದರು.

"ಕ್ಯಾಲ್ಸಿಯಂ ಸಾಲವಲ್ದು ಇವಕ್ಕ. ತಿನ್ನಾಕ ಸಿಗಲಿಲ್ಲಂದ್ರ ಕೋಳಿ ತನ್ನ ಎಲುಬ ಕರಗಿಸಿ ಚಿಪ್ಪ ಕಟ್ಟತೈತಿ. ತತ್ತಿ ಚಿಪ್ಪ ಒಣಗಿಸಿ ಪುಡಿ ಮಾಡಿ, ಬ್ಯಾರೆ ಬಟ್ಟಲದಾಗ ಇಡ್ರಿ," ಎಂದು ಹೇಳಿ ಹೋದರು.

ಚಿಪ್ಪು ಎಲ್ಲಿಂದ ತರಬೇಕು? ತತ್ತಿ ಮನೆಯಲ್ಲಿ ಒಡೆದರಲ್ಲವೇ ಚಿಪ್ಪು ಉಳಿಯುವುದು? ಅವಳ ಗಂಡ ನಿಜಾಮಸಾಬ ಟಂಟಂ ರಿಕ್ಷಾ ಓಡಿಸುತ್ತಾನೆ. ತತ್ತಿಗಳೆಲ್ಲ ಅವನ ಕೈಯಲ್ಲಿ ಬೈಲಹೊಂಗಲದ ಎಗ್‌ರೈಸ್ ಗಾಡಿಗೆ ಹೋಗುತ್ತಿದ್ದವು. ಖತಿಜಾಬಿ ತನ್ನ ಕೋಳಿಯ ತತ್ತಿ ತಿಂದದ್ದನ್ನು ನಾನು ಕಂಡೇ ಇಲ್ಲ.

ಅದೇ ಹೊತ್ತಿಗೆ ಅವಳ ನಡುವೂ ಹಿಡಿದಿತ್ತು. ಎಲುಬು ಟೊಳ್ಳಾಗಿವೆ, ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ ಎಂದು ಪಟ್ಟಣದ ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರು. ಒಂದು ಬೆಳಗ್ಗೆ ಗೋಡೆಯಾಚೆ ಕುಟ್ಟುವ ಸದ್ದು. ಇಣುಕಿದರೆ, ಈ ಪುಣ್ಯಾತ್ಗಿತ್ತಿ ಆ ಗುಳಿಗೆಗಳನ್ನೇ ಪುಡಿ ಮಾಡಿ ನುಚ್ಚಿಗೆ ಕಲಸುತ್ತಿದ್ದಾಳೆ!

"ಅಕ್ಕಾ, ತಲಿ ನೆಟ್ಟಗೈತೇನು? ಅದು ನಿನ್ನ ಎಲುಬಿಗೆ ಕೊಟ್ಟದ್ದು!"

"ಇವೂ ಎಲುಬ ಕರಗಿಸಿ ಕೊಡಾಕ ಹತ್ತ್ಯಾವ ತಂಗೀ. ದಿನಾ ಅವುಗಳ ಹೊಟ್ಟ್ಯಾಗಿಂದು ಕಸಗೊಂತೇನಿ. ನಾ ಏನ ಕೊಟ್ಟೇನಿ ಅವಕ್ಕ?"

ಸಿಟ್ಟಿಗೆ ಮೈ ಉರಿಯಿತು. ನೇರ ನಿಜಾಮಸಾಬನನ್ನೇ ಹಿಡಿದೆ.

"ಅಣ್ಣಾರ, ಎಗ್‌ರೈಸ್ ಗಾಡಿ ಬಾಜೂಕ ಬುಟ್ಟಿಗಟ್ಟಲೆ ಚಿಪ್ಪ ಬಿದ್ದಿರತಾವ. ಒಂದ ಚೀಲಾ ತುಂಬಕೊಂಡ ಬರ್ರಿ. ನಿಮ್ಮಾಕಿ ತನ್ನ ಗುಳಿಗಿ ಕೋಳಿಗೆ ಹಾಕಾಕ ಹತ್ತ್ಯಾಳ."

ಅವನು ನಕ್ಕ. "ಕೋಳಿ ಗುಳಿಗಿ ತಿಂತಾವೇನ್ರಿ ಅಕ್ಕಾರ? ಮತ್ತ ನಾ ಸ್ಟ್ಯಾಂಡಿನ್ಯಾಗ ಕಸಾ ಆರಿಸಿದ್ರ ಮಂದಿ ಏನಂತಾರ?"

ಕೆಟ್ಟ ಮನುಷ್ಯನಲ್ಲ. ಗುಳಿಗೆ ಮುಗಿದಾಗಲೆಲ್ಲ ತಪ್ಪದೆ ತಂದುಕೊಡುತ್ತಿದ್ದ, ಹೆಂಡತಿ ನುಂಗುತ್ತಾಳೆಂದು. ಆ ಗಾಡಿಯ ಮುಂದೆಯೇ ದಿನವೂ ಟಂಟಂ ನಿಲ್ಲಿಸುತ್ತಿದ್ದ, ಚಿಪ್ಪಿನ ರಾಶಿ ದಿನವೂ ಗಟಾರಕ್ಕೆ ಹೋಗುತ್ತಿತ್ತು.

ತತ್ತಿಗಳು ಗಟ್ಟಿಯಾದವು. ಖತಿಜಾಬಿ ಒಂದನ್ನು ಉಗುರಿನಿಂದ ಬಡಿದು, "ಟಣ್ ಅಂತೈತಿ ನೋಡ," ಎಂದು ಹಿಗ್ಗಿದಳು. ಎಷ್ಟು ಬೈದರೂ ನನ್ನ ಮಾತು ಅವಳಿಗೆ ನಾಟಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ, ಬಾತಿನ ಗೂಡಿಗೆ ಕೈ ಹಾಕಲು ಬಾಗಿದವಳು ಹಾಗೆಯೇ ಪಕ್ಕಕ್ಕೆ ಕುಸಿದಳು. ಜಾರಲಿಲ್ಲ, ಎಡವಲಿಲ್ಲ. ತೊಡೆಯ ಎಲುಬು ತಾನಾಗಿಯೇ ಮುರಿದಿತ್ತು. ಆಪರೇಶನ್ ಆಯಿತು, ಆದರೆ ರಾಡು ಕಚ್ಚಿ ನಿಲ್ಲುವಷ್ಟು ಗಟ್ಟಿ ಎಲುಬು ಅಲ್ಲಿರಲಿಲ್ಲವಂತೆ. ಇನ್ನು ಅವಳಿಗೆ ನಡೆಯಲಾಗದು ಎಂದುಬಿಟ್ಟರು. ದವಾಖಾನೆಗೆ ನಾನೂ ಹೋಗಿದ್ದೆ.

"ಗುಳಿಗಿ ತುಗೊಂತಿದ್ರಿಲ್ಲೋ?" ಎಂದು ಡಾಕ್ಟರು ಕೇಳಿದರು.

"ಒಂದೂ ಬಿಟ್ಟಿಲ್ರಿ," ಎಂದ ನಿಜಾಮಸಾಬ. ಹೇಳುತ್ತಲೇ ನನ್ನ ಕಡೆ ನೋಡಿದ. ಅವನ ಮುಖ ಬಿಳಿಚಿತು.

ಮರುದಿನ ಒಂದು ಚೀಲ ಚಿಪ್ಪು ತಂದು ಹಿತ್ತಲಲ್ಲಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಚೀಲದ ಬಾಯಿ ಇವತ್ತಿಗೂ ಬಿಚ್ಚಿಲ್ಲ. ತಿನ್ನುವ ಕೋಳಿಗಳೇ ಒಂದೊಂದಾಗಿ ಕಡಿಮೆಯಾಗುತ್ತಿವೆ. ಮುರಿದ ಎಲುಬಿಗೆ ಕೋಳಿ ಎಲುಬಿನ ಸಾರು, ಶೋರವಾ, ಒಳ್ಳೆಯದೆಂದು ಯಾರೋ ಹೇಳಿದ್ದಾರೆ, ಅವಳ ಸೊಸೆ ಮೆಹೆರಾಜ ದಿನ ಬಿಟ್ಟು ದಿನ ಕುದಿಸುತ್ತಾಳೆ. ಖತಿಜಾಬಿ ಬಾಯಿಗೆ ಹಚ್ಚುವುದಿಲ್ಲ.

ನಿನ್ನೆ ಅವಳ ಹಾಸಿಗೆಯ ಪಕ್ಕ ಎಲೆ ಮಡಿಸುತ್ತ ಕುಳಿತಿದ್ದೆ. ಹಿತ್ತಲಿನಲ್ಲಿ ಕೋಳಿ ಕತ್ತರಿಸುತ್ತಿದ್ದ ಮೆಹೆರಾಜ ನನ್ನನ್ನು ಕೂಗಿದಳು: "ಏನ ಗಟ್ಟಿ ಎಲುಬ ಅದಾವ್ರೀ ಕಾಕೂ ಇದರವು! ಚಾಕು ಹೋಗವಲ್ದು ನೋಡ್ರಿ."

ಖತಿಜಾಬಿ ಗೋಡೆಯ ಕಡೆ ಹೊರಳಲು ನೋಡಿದಳು. ಅದೂ ಅವಳಿಂದ ಆಗಲಿಲ್ಲ. ನಾನೇ ಅವಳ ಮುಖವನ್ನು ಆಚೆ ತಿರುಗಿಸಿದೆ.