ಎರಡು ತಂಬಿಗೆ ನೀರು

ನಮ್ಮ ಮೊದಲ ಮಗು ಮೂರು ದಿನವಷ್ಟೇ ಬದುಕಿತ್ತು. ತೂಕ ಸಾಲದೆ ಹುಟ್ಟಿದ್ದು ಅಂದರು. ಹಾಗಾಗಿ ನಾನು ಮತ್ತೆ ಬಸುರಾದಾಗ ಮಾನ್ವಿಯ ಅತ್ತೆಮನೆಯಲ್ಲಿ ನನಗೆ ಹೊಸ್ತಿಲು ದಾಟುವುದೇ ತಪ್ಪಿಹೋಯಿತು. ಗಬ್ಬೂರಿನಿಂದ ಅವ್ವ ಕರೆಯಲು ಬಂದಾಗ ಅತ್ತೆ, "ಬಸ್ಸಿನ್ಯಾಗ ಕುಲುಕಾಡಿ ಹೋಗೂದು ಬ್ಯಾಡ್ರಿ ಬೀಗತಿ," ಎಂದು ಊಟಕ್ಕೆ ಬಡಿಸಿ ಕಳಿಸಿದರು.

ಮನೆಯ ಮುಂಭಾಗದಲ್ಲಿ ನಮ್ಮದೇ ಅಕ್ಕಿ ಅಂಗಡಿ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅತ್ತೆ ನನ್ನನ್ನು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದರು. ತಿಂಗಳಿಗೊಮ್ಮೆ ಮನೆಗೆ ಬರುವ ನರ್ಸಮ್ಮ ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತಿದ್ದರು. ಅತ್ತೆಗೆ ಅದು ಸಾಲದು. ಅಂಕಿ ಏರದ ದಿನ ಬೈಯುತ್ತಿರಲಿಲ್ಲ, ಸುಮ್ಮನೆ ದೇವರ ಮುಂದೆ ಹೋಗಿ ಕೂರುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಇನ್ನೊಂದು ರೊಟ್ಟಿ, ಇನ್ನೊಂದು ಲೋಟ ಹಾಲು. ಗಂಟಲಲ್ಲಿ ಇಳಿಯದಿದ್ದರೂ ಅವರ ಕಣ್ಣೆದುರೇ ಮುಗಿಸಬೇಕು.

ಐದನೇ ತಿಂಗಳಲ್ಲಿ ಒಂದು ದಿನ ಬಚ್ಚಲಿಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದು ಕಾಟಾ ಹತ್ತಿದೆ. ಅಂಕಿ ಏರಿತು. ಅತ್ತೆ ನನ್ನ ತಲೆ ಸವರಿದರು. ಮರುದಿನ ಕುಡಿಯದಿದ್ದರೆ ಇಳಿಯುತ್ತದಲ್ಲ, ಮರುದಿನವೂ ಕುಡಿದೆ. ಬರಬರುತ್ತಾ ಎರಡು ತಂಬಿಗೆಯಾಯಿತು.

ಎಂಟನೇ ತಿಂಗಳಲ್ಲಿ ವಾಕರಿಕೆ ಶುರುವಾಗಿ ನೀರು ಒಳಗೆ ಹೋಗದಾಯಿತು. ಹೆದರುತ್ತಲೇ ಕಾಟಾದ ಮೇಲೆ ನಿಂತೆ. ಅಂಕಿ ಇಳಿದಿರಲಿಲ್ಲ, ಏರಿತ್ತು. ನಾಲ್ಕೇ ದಿನದಲ್ಲಿ ಎರಡು ಕಿಲೊ. ಅತ್ತೆ ಓಣಿಗೆಲ್ಲ ಸಜ್ಜಕ ಹಂಚಿದರು. ನನಗೆ ತಲೆ ಸಿಡಿಯುತ್ತಿತ್ತು, ಬಳೆಗಳು ಕೈಗೆ ಕಚ್ಚಿಕೊಂಡಿದ್ದವು. ಕಾಲು ಬಾತಿದೆ ಅಂದರೆ, "ಬಸುರಾಗ ಅದು ಇರೂದ ಬಿಡವ್ವಾ," ಎನ್ನುತ್ತಿದ್ದರು. ಈ ತೂಕ ಮಗುವಿನದಲ್ಲ ಅಂತ ನನಗೆ ಅನಿಸುತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ಹಿಂದಿನ ತಿಂಗಳುಗಳ ತೂಕ ನೀರಿನದು ಅಂತಲೂ ಹೇಳಬೇಕು. ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೇ ದಿನ ಕಣ್ಣು ಮಂಜಾಗಿ ಅಂಕಿಯೇ ಕಾಣಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ: "ಅತ್ತೀ, ನಾ ದಿನಾ ನೀರು ಕುಡುದು ನಿಂದರತಿದ್ನಿರಿ. ಈಗ ಕುಡಿಯಾಕತ್ತಿಲ್ರಿ. ಆದ್ರೂ ಏರಾಕತ್ತದ. ನಂಗ ಅಂಜಿಕಿ ಆಗಾಕತ್ತದ್ರಿ."

ಅವರು ನನ್ನ ಮುಖವನ್ನು ಆಗಷ್ಟೇ ಮೊದಲ ಸಲ ಕಂಡವರಂತೆ ನೋಡಿದರು. "ಯವ್ವಾ, ಮಾರಿ ಹಿಂಗ್ಯಾಕ ಬಾತದ!" ಎಂದು ಮಗನನ್ನು ಕೂಗಿದರು.

ಓಡಿಬಂದ ನರ್ಸಮ್ಮ ಬಿಪಿ ನೋಡಿದವರೇ ಆಂಬುಲೆನ್ಸ್‌ಗೆ ಫೋನ್ ಮಾಡಿದರು. "ಬಿಪಿ ಏರಿ ಮೈಯಾಗ ನೀರು ತುಂಬೇದ. ತೂಕ ಒಮ್ಮೆಲೇ ಹಿಂಗ ಏರಿದ್ರ ಖುಷಿ ಪಡಬಾರದ್ರಿ ಅಮ್ಮಾ. ಅವತ್ತ ಹೇಳಿಕಳಸಬೇಕಿತ್ತು," ಎಂದು ಅತ್ತೆಗೆ ಹೇಳಿದರು.

ರಾಯಚೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಮಂಚದಿಂದ ಇಳಿಯಗೊಡಲಿಲ್ಲ. ಕಿಟಕಿಯೂ ನನ್ನ ತಲೆಯ ಹಿಂದಿತ್ತು. ಅತ್ತೆ ಮಂಚದ ಪಕ್ಕದ ನೆಲದಲ್ಲೇ ಚಾಪೆ ಹಾಸಿಕೊಂಡಿದ್ದರು. ಒಂದು ಮಧ್ಯಾಹ್ನ, "ನನ್ನಿಂದನ ಆತು ಇದೆಲ್ಲಾ," ಅಂದರು. ನಾನು ಕುಡಿಯಲು ನೀರು ಕೇಳಿದೆ.

ಒಂಬತ್ತನೇ ದಿನ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ತೀರಾ ಸಣ್ಣಗಿದ್ದಳು. ಹದಿನೈದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಕೈಗೆ ಕೊಟ್ಟರು. ಅತ್ತೆಯೇ ಮೊದಲು ಎತ್ತಿಕೊಂಡರು.